ಗಂಗಿಗೆ ಹೊದಿಸಿದ ಝೂಲ

ನಾನು ಚಿಕ್ಕವನಿದ್ದಾಗ ನಮ್ಮ ಹುನ್ನೂರ ಕಡೆ ಹೆಣ್ಣು ನೋಡಲು ಬಂದವರು ಮೊದಲು ದನ ನೋಡುತ್ತಿದ್ದರು. ನಗಬೇಡಿ, ಖರೆ ಹೇಳುತ್ತಿದ್ದೇನೆ! ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದರಾಚೆ ಎತ್ತರದ ಪಡಸಾಲೆ. ದನ ಮೈತುಂಬಿಕೊಂಡಿದ್ದರೆ ಮನೆತನ ಛಲೋ ಎಂದು ಲೆಕ್ಕ.

ನಮ್ಮಲ್ಲಿ ಗಂಗಿ ಎಂಬ ಜರ್ಸಿ ಆಕಳಿತ್ತು. ಓಣಿಗೆಲ್ಲ ಅಂಥದ್ದು ಅದೊಂದೇ, ಅಪ್ಪನ ಜಂಬ ಕೇಳಬೇಡಿ. ಅಕ್ಕ ಅದಕ್ಕೆ ರೊಟ್ಟಿ ತಿನ್ನಿಸದೆ ತಾನು ಉಣ್ಣುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅದರ ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ ಉಣ್ಣಿಗಳು ಕಚ್ಚಿಕೊಂಡವು. ರಕ್ತ ಕುಡಿದು ಔಡಲ ಬೀಜದಂತೆ ಉಬ್ಬಿದ್ದವು. ಕಿತ್ತು ಕೆಂಡಕ್ಕೆ ಹಾಕಿದರೆ ಚಟ್ಟೆಂದು ಸಿಡಿದು ಕಮಟು ವಾಸನೆ ಬರುತ್ತಿತ್ತು. ಎಷ್ಟು ಕಿತ್ತರೂ ಮತ್ತೆ ಹತ್ತುತ್ತಿದ್ದವು.

ಮುಧೋಳ ಕಡೆಯವರು ಅಕ್ಕನನ್ನು ನೋಡಲು ಬರುವ ದಿನ ಬೆಳಗ್ಗೆ ಗಂಗಿ ಮೇವು ಮುಟ್ಟಲಿಲ್ಲ. ಮೈ ಸುಡುತ್ತಿತ್ತು. ಉಚ್ಚೆ ಚಹಾ ಕುದಿಸಿದ ನೀರಿನಂತೆ ಕೆಂಪಗಿತ್ತು. ಅದು ಉಣ್ಣಿಯಿಂದ ಬರುವ ಜ್ವರ.

"ಯಪ್ಪಾ, ಜಮಖಂಡಿಗೆ ಹೋಗಿ ಡಾಕ್ಟರ್‌ನ ಕರಕೊಂಡ ಬಾ," ಎಂದಳು ಅಕ್ಕ.

"ಸುಮ್ನಿರ ಬೇ! ಬೀಗರು ಬರೂ ಹೊತ್ತಿಗೆ ದನದ ಡಾಕ್ಟರ್ ಬಂದ ಕುಂತ್ರ ನಮ್ಮ ಮಾನ ಏನ ಉಳೀತೈತಿ? ಅವ್ರು ಹೋಗ್ಲಿ, ಆಮ್ಯಾಲೆ ನೋಡೂಣು."

ಎತ್ತುಗಳಿಗೆ ಹಬ್ಬದಲ್ಲಿ ಹೊದಿಸುವ, ಕನ್ನಡಿ ಚೂರು ಹೊಲಿದ ದಪ್ಪ ಝೂಲವನ್ನು ಅಪ್ಪ ಗಂಗಿಯ ಮೇಲೆ ಕಿವಿ ಮುಚ್ಚುವಂತೆ ಹೊದಿಸಿದ. ಕೆಂಪು ಉಚ್ಚೆಯ ಮೇಲೆ ಬೂದಿ ಚೆಲ್ಲಿದ. ಜ್ವರದ ದನಕ್ಕೆ, ಅದೂ ಆ ಧಗೆಯಲ್ಲಿ!

ಬಂದವರಲ್ಲಿ ವರನ ತಂದೆ ನೋಡಿದೊಡನೆ, "ಏನ್ರೀ, ಆಕಳಿಗೂ ಲಗ್ನ ಇಟ್ಟೀರೇನು?" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪ.

ಅವಲಕ್ಕಿ ತಾಟು ಹಿಡಿದು ಬಂದ ಅಕ್ಕ ನಗಲಿಲ್ಲ. ಗಂಗಿ ಕುಸಿದು ಮಲಗಿ ನಾಲಿಗೆ ಚಾಚಿತ್ತು. ಅಕ್ಕ ತಾಟನ್ನು ಕೆಳಗಿಟ್ಟು, ಪಡಸಾಲೆಯಿಂದ ಇಳಿದು ಝೂಲ ಎಳೆದುಹಾಕಿದಳು.

"ಇದಕ್ಕ ಉಣ್ಣಿ ಜ್ವರ ಬಂದೈತ್ರೀ. ಮುಂಜಾನಿಂದ ಮುಚ್ಚಿಟ್ಟೇವ್ರಿ. ಯಾರರೆ ಡಾಕ್ಟರ್‌ನ ಕರೀರಿ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ವರನ ತಂದೆ ಅಪ್ಪನಿಗೆ ಮೆಲ್ಲಗೆ ಹೇಳಿದರು: "ನಿಮ್ಮ ಮಾನ ಉಳಿಸ್ಕೊಳ್ಳಾಕ ಮೂಕ ಪ್ರಾಣಿ ಜೀವಾ ತಿಂದ್ರಲ್ರೀ." ಅವಲಕ್ಕಿ ಮುಟ್ಟದೆ ಎದ್ದು ಹೋದರು.

ಅಪ್ಪ ಸೈಕಲ್ ಹತ್ತಿ ಓಡಿದ. ಡಾಕ್ಟರು ಬಂದು ಸೂಜಿ ಚುಚ್ಚಿ, "ಬೆಳಗ್ಗೆನೇ ಕರೀಬೇಕಿತ್ತು," ಎಂದಷ್ಟೇ ಹೇಳಿದರು. ದೀಪ ಹಚ್ಚುವ ಹೊತ್ತಿಗೆ ಗಂಗಿ ಸತ್ತಿತು. ಅಪ್ಪ ಅಕ್ಕನ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿ ಕುಳಿತ. ಅವನ ಹತ್ತಿರ ಹೋಗಲು ನನಗೂ ನಾಚಿಕೆಯಾಯಿತು.

ನಿಮ್ಮ ಕಾಲ ಬೇರೆ, ಮಕ್ಕಳೇ. ಫೋನ್ ಮಾಡಿದರೆ ದನದ ಡಾಕ್ಟರು ಬೈಕಿನಲ್ಲಿ ಮನೆಗೇ ಬರುತ್ತಾರೆ. ಮೊನ್ನೆ ನೆಂಟರು ಬಂದಾಗ ನೀವು ಬಾಗಿಲಲ್ಲೇ ನಿಂತು ಕೂಗಿದಿರಿ: "ನಮ್ಮ ನಾಯಿಗೆ ಉಣ್ಣಿ ಆಗ್ಯಾವ್ರೀ, ಮುಟ್ಟಬ್ಯಾಡ್ರಿ!" ನಿಮ್ಮವ್ವ ಕಣ್ಣು ಬಿಟ್ಟು ಗದರಿದಳು. ನಾನು ತಲೆ ತಗ್ಗಿಸಿದೆ. ಗಂಗಿ ಮೇವು ಬಿಟ್ಟ ಆ ಬೆಳಗ್ಗೆ ಅಷ್ಟೇ ಮಾತು ಆಡಲು ನಮ್ಮ ಮನೆಯ ದೊಡ್ಡವರಿಗೆ ಬಾಯಿ ಬರಲಿಲ್ಲ.