ಹದಿನೈದು ಕೊಡುವ ಗಾಡಿ

ನಮ್ಮ ಕಡೆ ಗಂಡಸರು ವಯಸ್ಸು ಕೇಳಿದರೆ ಎರಡು ಕಮ್ಮಿ ಹೇಳುತ್ತಾರೆ, ಗಾಡಿಯ ಮೈಲೇಜ್ ಕೇಳಿದರೆ ಐದು ಜಾಸ್ತಿ ಹೇಳುತ್ತಾರೆ. ಸಂತೆ ದಿನ ಜಾವಗಲ್ಲಿನ ಟೀ ಅಂಗಡಿ ಮುಂದೆ ಒಂದು ಗಳಿಗೆ ನಿಂತುಕೊಳ್ಳಿ, ಸಾಕು. ಸಾಲಾಗಿ ನಿಂತಿರುವುದೆಲ್ಲ ಹಳೇ ಪಿಕಪ್‌ಗಳು. ಒಂದರ ಬಾಗಿಲಿಗೆ ಹಗ್ಗ ಕಟ್ಟಿದೆ, ಇನ್ನೊಂದು ಸ್ಟಾರ್ಟ್ ಮಾಡಿದರೆ ಟೀ ಅಂಗಡಿಯೇ ಹೊಗೆಯಲ್ಲಿ ಮುಚ್ಚಿಹೋಗುತ್ತದೆ. ಯಜಮಾನರ ಬಾಯಲ್ಲಿ ಮಾತ್ರ ಅವು ಲೀಟರಿಗೆ ಹದಿನಾಲ್ಕು, ಹದಿನೈದು, ಹದಿನಾರು ಕೊಡುತ್ತವೆ. ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಿ.

ನಮ್ಮನೆಯವರದು ಹದಿನೈದು. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಆವತ್ತು ನಾನೂ ಪಕ್ಕದಲ್ಲೇ ಕೂತಿದ್ದೆ. ಅರಸೀಕೆರೆ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಇಳಿಸಿ, ಖಾಲಿ ಗಾಡಿಯಲ್ಲಿ, ಇಳಿಜಾರು ಕಂಡಲ್ಲೆಲ್ಲ ನ್ಯೂಟ್ರಲ್‌ಗೆ ಹಾಕಿಕೊಂಡು ಉಸಿರು ಬಿಗಿಹಿಡಿದು ಒಂದು ಸಲ ವಾಪಸ್ ಬಂದ ಲೆಕ್ಕ ಅದು. ಕಾಯಿ ತುಂಬಿಕೊಂಡು ಹೋದ ದಾರಿ ಲೆಕ್ಕಕ್ಕೇ ಇಲ್ಲ. “ಲೋಡ್ ಇದ್ದರೆ ಹತ್ತು ಕೊಟ್ಟರೆ ಪುಣ್ಯ ಅಲ್ವೇನ್ರೀ?” ಅಂದರೆ, “ಗಾಡಿ ವಿಷ್ಯ ನಿಂಗೇನ್ ಗೊತ್ತೈತೆ, ಸುಮ್ಕಿರು” ಅನ್ನುವುದು. ಆಹಾ, ಅದೇನು ಬ್ರಹ್ಮವಿದ್ಯೆಯೇ?

ಡೀಸೆಲ್ ತೋರಿಸುವ ಮುಳ್ಳು ಯಾವತ್ತೋ ಸತ್ತಿತ್ತು. ರಿಪೇರಿ ಮಾಡಿಸಿ ಅಂತ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಲೆಕ್ಕ ತಲೇಲೈತೆ ಅಂತಿದ್ದರು. ಟೀ ಅಂಗಡಿಯಲ್ಲಿ ಬಿಟ್ಟ ಬುರುಡೆಯನ್ನೇ ಬಂಕಿಗೂ ಹೊತ್ತುಕೊಂಡು ಹೋಗಿ, ಅದೇ ಹದಿನೈದರ ಲೆಕ್ಕದಲ್ಲಿ ಡೀಸೆಲ್ ಹಾಕಿಸುವ ಮಹಾನುಭಾವರು ಇವರು.

ಹೋದ ವರ್ಷ ನನ್ನ ಹಸು ಮೊದಲ ಸಲ ಕರು ಹಾಕಬೇಕಿತ್ತು. ಅದರ ತಾಯಿ ನನ್ನ ತವರಿನಿಂದ ಬಂದದ್ದು. ತಾಯಿ ಸತ್ತ ಮೇಲೆ ಇದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ನಾನು. ಗಂಡನ ಮನೆಯಲ್ಲಿ ಯಾರನ್ನೂ ಕೇಳದೆ ನನ್ನದು ಅನ್ನಬಹುದಾಗಿದ್ದದ್ದು ಅದೊಂದೇ.

ಬೆಳಿಗ್ಗೆಯಿಂದ ತಿಣುಕಿದರೂ ಕರು ಬರಲಿಲ್ಲ. ಒಂದೇ ಕಾಲು ಹೊರಗೆ ಕಂಡಿತು. ದನದ ಡಾಕ್ಟರಿಗೆ ಫೋನ್ ಮಾಡಿದೆ. “ಇನ್ನೊಂದು ಕಾಲು ಒಳಗೆ ಮಡಚಿಕೊಂಡಿರಬೇಕಮ್ಮ. ಆ ಗೊರಸು ಹಿಂಡಿ ನೋಡಿ, ಒಳಕ್ಕೆ ಎಳ್ಕೊಂಡರೆ ಕರು ಬದುಕಿದೆ ಅಂತ” ಅಂದರು. ಹಿಂಡಿದೆ. ಪಟ್ಟನೆ ಎಳೆದುಕೊಂಡಿತು. ಅವರು ಹಳೇಬೀಡಿನಲ್ಲಿ ಇನ್ನೊಂದು ಹಸುವಿನ ಹತ್ತಿರ ಇದ್ದರು, ಬಿಟ್ಟು ಬರುವ ಹಾಗಿರಲಿಲ್ಲ. ಗಾಡಿಯಲ್ಲಿ ಬೇಗ ಕರೆದುಕೊಂಡು ಬನ್ನಿ, ಉಳಿಸೋಣ ಅಂದರು.

“ಡೀಸೆಲ್ ಐತೇನ್ರೀ?”

“ಐತೆ ಕಣೇ, ಹೋಗಿ ಬರಾಕೆ ಧಾರಾಳ.”

ಹಿಂದೆ ಹುಲ್ಲು ಹಾಸಿ, ಹಸುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಹುಲಿಕೆರೆ ತಿರುವು ಬಂತೋ ಇಲ್ಲವೋ, ಗಾಡಿ ಎರಡು ಸಲ ಕೆಮ್ಮಿ ನಿಂತೇ ಹೋಯಿತು. ಇವರು ಇಳಿದು ಬಾನೆಟ್ ಎತ್ತಿ, “ಏನೋ ಕಸ ಸಿಕ್ಕೈತೆ” ಅಂದರು. ಕಸವಂತೆ! ಟ್ಯಾಂಕ್ ಬಣಗುಟ್ಟುತ್ತಿದೆ, ಆದರೂ ಬಾಯಿ ಬಿಟ್ಟು ಹೇಳಲೊಲ್ಲರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇಂಥವರಿಗೇ.

ಅಷ್ಟರಲ್ಲಿ ಹಿಂದಿನಿಂದ ಒಂದು ಪಿಕಪ್ ಬಂದು ನಿಂತಿತು. ಟೀ ಅಂಗಡಿಯಲ್ಲಿ ನಂದು ಹದಿನಾರು ಅಂತ ಎದೆ ತಟ್ಟಿಕೊಳ್ಳುವ ಆಸಾಮಿ. ಒಂದು ಮಾತೂ ಕೇಳದೆ ತನ್ನ ಸೀಟಿನ ಕೆಳಗಿಂದ ಡೀಸೆಲ್ ಕ್ಯಾನ್ ಎಳೆದ. ಆಮೇಲೆ ಹದಿನಾಲ್ಕಿನವನು ಬಂದ. ಅವನ ಸೀಟಿನ ಕೆಳಗೂ ಕ್ಯಾನ್! “ನೀನು ಇಟ್ಕೊಂಡಿಲ್ವೇನ್ಲಾ?” ಅಂತ ಇವರನ್ನು ನಿಜವಾದ ಆಶ್ಚರ್ಯದಿಂದ ಕೇಳಿದ. ಇವರು ಟೈರ್ ನೋಡುತ್ತಾ ನಿಂತರು.

ನನಗೆ ಮೈಯೆಲ್ಲ ಉರಿದುಹೋಯಿತು. ಊರಿನ ಸುಳ್ಳರೆಲ್ಲ ಸುಳ್ಳಿಗೊಂದು ಕ್ಯಾನ್ ಜೊತೆಗಿಟ್ಟುಕೊಂಡೇ ಸುಳ್ಳು ಹೇಳುತ್ತಾರೆ. ತನ್ನ ಬುರುಡೆಯನ್ನು ತಾನೇ ನಂಬಿದ ಪುಣ್ಯಾತ್ಮ ಇಡೀ ಸೀಮೆಗೆ ಒಬ್ಬನೇ, ಅವನು ನನಗೇ ಗಂಟುಬೀಳಬೇಕಿತ್ತು.

ಬರಿದಾದ ಡೀಸೆಲ್ ಗಾಡಿ ಡೀಸೆಲ್ ಸುರಿದ ತಕ್ಷಣ ಹೊರಡುವುದಿಲ್ಲ. ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ, ಅದನ್ನು ತೆಗೆಯಬೇಕು. ಮೂವರೂ ಬಗ್ಗಿ ಪಂಪ್ ಒತ್ತಿದರು, ಬೈದರು, ಮತ್ತೆ ಒತ್ತಿದರು. ಹಸು ತಿಣುಕುವುದನ್ನೇ ಬಿಟ್ಟು ನನ್ನ ಮುಖ ನೋಡುತ್ತಿತ್ತು. ಕೊನೆಗೆ ಗಾಡಿ ಸ್ಟಾರ್ಟ್ ಆದಾಗ ಗೊರಸು ಹಿಂಡಿದೆ. ಎಳೆದುಕೊಳ್ಳಲಿಲ್ಲ. ಇನ್ನೂ ಜೋರಾಗಿ ಹಿಂಡಿದೆ.

ಹಳೇಬೀಡಿನಲ್ಲಿ ಡಾಕ್ಟರು ಹಸುವನ್ನು ಮಾತ್ರ ಉಳಿಸಿಕೊಟ್ಟರು. ಹೆಣ್ಣುಗರು, ಹಣೆಯಲ್ಲಿ ತಾಯಿಯದೇ ಬಿಳಿ ಮಚ್ಚೆ. ಅಲ್ಲೇ ಒಬ್ಬರ ಹೊಲದ ಬದುವಿನಲ್ಲಿ ಇವರೇ ಗುಂಡಿ ತೋಡಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ, ಯಾರ ಮುಲಾಜೂ ಇಟ್ಟುಕೊಳ್ಳಲಿಲ್ಲ.

ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡು ವಾಪಸ್ ಹೊರಟೆವು. ನಾನು ಮತ್ತೆ ಹಿಂದೆ ಹಸುವಿನ ಜೊತೆ ಕೂತೆ. ಅದು ಹುಲ್ಲನ್ನು ಮೂಸುತ್ತಾ ಮೂಸುತ್ತಾ ಕರುವನ್ನು ಹುಡುಕುತ್ತಿತ್ತು. ಹುಲಿಕೆರೆ ದಾಟಿದೆವು. ಆಮೇಲೆ ಇವರು ಸುಮ್ಮನಿರಲಾಗದೆ, ಹಿಂದಿನ ಕಿಟಕಿ ಸರಿಸಿ ಅಂದರು: “ಈಗ ನೋಡು, ಗಾಡಿ ಹಗುರಕ್ಕೆ ಓಡ್ತಾ ಐತೆ.”

“ಓಡದೆ ಏನ್ರೀ?” ಅಂದೆ. “ಕರೂನ ಅಲ್ಲೇ ಹೂತು ಬಂದ್ವಲ್ಲ.”