ಬಾಷಾ ಸಾಬರು ಹೆಸರು ಹಾಕಿದ ತಟ್ಟೆಗಳು

ಮೊದಲೇ ಹೇಳಿಬಿಡುತ್ತೇನೆ, ನಮ್ಮದು ವೃದ್ಧಾಶ್ರಮವಲ್ಲ. ಹೊಳವನಹಳ್ಳಿ ರಸ್ತೆಯಲ್ಲಿರುವ ಹಿರಿಯರ ವಸತಿ. ಇಲ್ಲಿರುವ ಇಪ್ಪತ್ತೆರಡು ಜನ ತಾವಾಗಿಯೇ ಬಂದು, ತಮಗೊಂದು ಕೋಣೆ ಹಿಡಿದು, ದಿನಕ್ಕೆರಡು ಸಲ ಜಗಳವಾಡಿಕೊಂಡು ಸುಖವಾಗಿದ್ದಾರೆ. ನಾನು ಲೋಹಿತಾ, ಇಲ್ಲಿಯ ಮೇಲ್ವಿಚಾರಕಿ. ನೋಡಲು ಬಂದವರು ‘ಪಾಪ, ಇವರಿಗೆ ಯಾರೂ ಇಲ್ವಾ?’ ಎಂದು ಮುಖ ಸಣ್ಣ ಮಾಡಿದರೆ ನನಗೆ ಮೈ ಉರಿಯುತ್ತದೆ. ಹೋದ ಚಳಿಗಾಲದಲ್ಲಿ ಶಿರಾದಿಂದ ಬಂದ ಬಾಷಾ ಸಾಬರು ಹಾಗೆ ಕೇಳಲಿಲ್ಲ. ಅವರು ಕೇಳಿದ್ದೇ ಬೇರೆ.

ಅವರನ್ನು ಕರೆಸಿದ್ದು ತಟ್ಟೆಗಳಿಗಾಗಿ. ನಮ್ಮಲ್ಲಿ ಎಲ್ಲವೂ ಒಂದೇ ಅಳತೆಯ ಸ್ಟೀಲ್ ತಟ್ಟೆ. ಊಟದ ಹೊತ್ತಿಗೆ ಅದಲುಬದಲಾಗುತ್ತಿದ್ದವು. ನಂದೀಶ್ವರಯ್ಯನವರು ಉಂಡ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯುವವರು. ಪ್ರಸಾದ ಒಂದು ಅಗುಳೂ ಚೆಲ್ಲಬಾರದು ಎನ್ನುವುದು ಅವರ ಮನೆತನದ ನೇಮ. ಇನ್ನೊಬ್ಬರ ತಟ್ಟೆ ಕೈಗೆ ಬಂದರೆ ಅಂದು ಅವರಿಗೆ ಉಪವಾಸ, ನನಗೆ ತಲೆನೋವು. ತಟ್ಟೆಗೆಲ್ಲ ಹೆಸರು ಹಾಕಿಸಿಬಿಡೋಣ ಎಂದು ಶಿರಾದ ಪಾತ್ರೆ ಅಂಗಡಿಯ ಯೂನುಸ್‌ಗೆ ಫೋನ್ ಮಾಡಿದೆ.

“ನಮ್ ಮೆಷಿನ್ ಅಲ್ಲಿಗೆ ತರಕ್ಕಾಗಲ್ಲ ಮೇಡಂ. ಬಾಷಾ ಚಾಚಾನ ಕಳಿಸ್ತೀನಿ. ಮೆಷಿನ್ ಬಂದ್ಮೇಲೆ ಮೂರು ವರ್ಷದಿಂದ ಮನೇಲವ್ರೆ, ಕೈ ಹೆಂಗೈತೋ ಗೊತ್ತಿಲ್ಲ. ಈ ಕೆಲ್ಸ ಸರಿಯಾಗ್ ಮಾಡಿದ್ರೆ ಅಂಗಡಿ ಮುಂದ್ಲ ಜಾಗ ವಾಪಸ್ ಕೊಡ್ತೀನಿ ಅಂದಿದೀನಿ. ಮುಗುದ್ಮೇಲೆ ನೀವೇ ಹೇಳ್ಬೇಕು,” ಎಂದ.

ಆ ಜಾಗವೆಂದರೆ ಅಂಗಡಿಯ ಮೆಟ್ಟಿಲ ಪಕ್ಕ ಒಂದು ಗೋಣಿಚೀಲ ಹಾಸುವಷ್ಟು. ಅಲ್ಲಿ ಐವತ್ತು ವರ್ಷ ಕೂತು, ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಪಾತ್ರೆಗಳ ಮೇಲೆ ಹೆಸರು ಬರೆದವರು ಬಾಷಾ ಸಾಬರು. ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರು ಪಾತ್ರೆ ಕೊಂಡು ಮೊದಲು ಹೋಗುತ್ತಿದ್ದದ್ದು ಅವರ ಬಳಿಗೆ. ಮಧುಗಿರಿ, ಪಾವಗಡದ ಕಡೆ ಯಾವ ಮನೆಯ ಅಟ್ಟ ಹತ್ತಿದರೂ ಅವರ ಕೈಯ ಒಂದು ಕೊಳಗ, ಒಂದು ಬಿಂದಿಗೆ ಸಿಕ್ಕೇ ಸಿಗುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಬಟ್ಟೆ ಚೀಲ ತೂಗುಹಾಕಿಕೊಂಡು ಬಂದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಹೊಸ ಕೆಲಸಕ್ಕೆ ಸೇರುವವರ ಹಾಗೆ ಸ್ವಲ್ಪ ಗಾಬರಿಯಲ್ಲಿದ್ದರು. ಇಪ್ಪತ್ತೆರಡು ಹೆಸರಿನ ಪಟ್ಟಿ ಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಗ್ಯಾಸ್, ಔಷಧಿ ಎಂದು ಕೊರಟಗೆರೆಗೆ ಹೋದೆ.

ಒಂದು ಗಂಟೆಗೆ ಬಂದಾಗ ಕೆಲಸ ಮುಗಿದಿತ್ತು. ಅಕ್ಷರಗಳು ದುಂಡಗೆ, ಒಂದು ಚುಕ್ಕಿಯೂ ಆಚೀಚೆ ಆಗದೆ ಕೂತಿದ್ದವು. ಕೈ ನಡುಗಿದ ಗುರುತೇ ಇಲ್ಲ. ಭೇಷ್ ಎನ್ನಬೇಕೆಂದು ಮೊದಲನೆಯ ತಟ್ಟೆ ಓದಿದೆ. ‘ಕರಿಬಸಮ್ಮ.’ ನಮ್ಮಲ್ಲಿ ಕರಿಬಸಮ್ಮ ಎನ್ನುವವರೇ ಇಲ್ಲ. ಎರಡನೆಯದು ‘ದಾಸಮ್ಮ.’ ಮೂರನೆಯದು ‘ಹೋಟ್ಲು ರುದ್ರಮುನಿ.’ ಇಪ್ಪತ್ತೆರಡು ತಟ್ಟೆಯಲ್ಲಿ ನಮ್ಮವರ ಹೆಸರು ಒಂದೂ ಇರಲಿಲ್ಲ.

“ಪಟ್ಟಿ ಯಾಕ್ರೀ ಕೊಟ್ಟಿದ್ದು ನಿಮಗೆ? ಜೇಬಲ್ಲಿ ಇಟ್ಕೊಂಡು ಪೂಜೆ ಮಾಡಕ್ಕಾ?” ಎಂದು ಕೂಗಾಡಿದೆ. ಇನ್ನೂ ಏನೇನೋ ಅಂದೆ. ಈಗ ಬರೆಯಲು ನಾಚಿಕೆಯಾಗುತ್ತದೆ.

ಅವರು ಎದ್ದು ನಿಂತರು. ಪಟ್ಟಿಯನ್ನು ಜೇಬಿನಿಂದ ತೆಗೆದು ನೋಡಿ, ಮತ್ತೆ ತಟ್ಟೆಗಳನ್ನು ನೋಡಿದರು. “ಗಲ್ತಿ ನಂದೇ ಅಮ್ಮ. ಪಾತ್ರೆ ಕೈಗೆ ಬಂದ್ರೆ ‘ಯಾರ್ ಕೊಟ್ಟಿದ್ದು’ ಅಂತ ಕೇಳಿ ಅಭ್ಯಾಸ. ಇವ್ರುನ್ನೂ ಅಂಗೇ ಕೇಳ್ಬುಟ್ಟೆ. ಅವ್ರು ಹೇಳ್ತಾ ಹೋದ್ರು, ನಾನು ಹಾಕ್ತಾ ಹೋದೆ.”

ಆಗ ಅರ್ಥವಾಯಿತು. ಉಡುಗೊರೆಯ ಪಾತ್ರೆಗೆ ಕೊಟ್ಟವರ ಹೆಸರು ಹಾಕುವುದೇ ಹೊರತು ಇಟ್ಟುಕೊಂಡವರದ್ದಲ್ಲ. ಐವತ್ತು ವರ್ಷದಿಂದ ಆ ಕೈಗೆ ಗೊತ್ತಿದ್ದದ್ದು ಅದೊಂದೇ ಪ್ರಶ್ನೆ. ನಮ್ಮ ಹಿರಿಯರಾದರೂ ‘ವಸತಿ ನಡೆಸೋ ಟ್ರಸ್ಟ್‌ನವರು ಕೊಟ್ಟಿದ್ದು’ ಎನ್ನಬಹುದಿತ್ತಲ್ಲ? ಒಬ್ಬರೂ ಹಾಗೆನ್ನಲಿಲ್ಲ.

“ಎಲ್ಲ ಅಳಿಸಿ,” ಎಂದೆ.

“ಉಜ್ಜಿದ್ರೆ ಹೋಗ್ತೈತೆ, ಕಲೆ ಉಳೀತೈತೆ,” ಎಂದು ಚೀಲದಿಂದ ಉಪ್ಪುಕಾಗದ ತೆಗೆದರು. “ಯೂನುಸ್‌ಗೆ ಮಾತ್ರ...” ಎಂದರು. ಅಳಿಸಲು ಮೊದಲ ತಟ್ಟೆ ಎತ್ತಿಕೊಂಡಾಗ ನಂದೀಶ್ವರಯ್ಯನವರು ಬಂದು ಅದರ ಮೇಲೆ ಕೈಯಿಟ್ಟರು.

“ಅದು ನನ್ ಹೆಂಡ್ತಿ ಹೆಸ್ರು ಕಣಮ್ಮ. ನಲವತ್ತು ವರ್ಸ ಉಣ್ಣಕ್ಕಿಕ್ಕಿದ್ಲು. ಅವ್ಳು ಇರೋಗಂಟ ಒಂದಿನಾನೂ ಹೆಸ್ರಿಡ್ದು ಕರೀನಿಲ್ಲ ನಾನು. ಬರೀ ‘ಲೇ’ ಅಂತಿದ್ದೆ. ಇವತ್ತು ಇವ್ರು ಕೇಳುದ್ರು, ಬಾಯಿಗೆ ಬಂತು. ಇರ್ಲಿ ಬುಡಿ.”

ಹಿಂದೆ ಚನ್ನಮಲ್ಲಮ್ಮ ತಮ್ಮ ತಟ್ಟೆಯನ್ನು ಆಗಲೇ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದರು. ಬಲಸಮುದ್ರದ ದೊಡ್ಡ ಮನೆಯ ಸೊಸೆ, ಮಡಿ ಮಡಿ ಎಂದು ನಮ್ಮ ಅಡುಗೆಯವಳ ಜೀವ ತಿನ್ನುವವರು. “ದಾಸಮ್ಮ ನಮ್ ಹೊಲ್ದಾಗೆ ಕಳೆ ಕೀಳೋಳು,” ಎಂದರು. “ನಮ್ಮತ್ತೆ ನನ್ನ ಉಪಾಸ ಕೆಡವಿದಾಗ್ಲೆಲ್ಲ ಬದಿನ ಮ್ಯಾಲೆ ಕುಂಡ್ರಿಸ್ಕೊಂಡು ತನ್ನ ಬುತ್ತೀಲಿ ಅರ್ಧ ಮುದ್ದೆ ಕೊಡೋಳು. ಅವ್ಳ ಕೈದು ತಿಂದೆ ಅಂತ ಗೊತ್ತಾಗಿದ್ರೆ ಮನೆ ಒಳೀಕೆ ಸೇರುಸ್ತಿರ್ಲಿಲ್ಲ. ಅರವತ್ತು ವರ್ಸ ಯಾರ ತಾವೂ ಬಾಯಿ ಬುಟ್ಟಿಲ್ಲ. ಈಗ ಬರ್ಸೀನಿ. ಅಳ್ಸಕ್ಕೆ ನಾನು ಕೊಡಾಕಿಲ್ಲ.”

ಮಿಕ್ಕವರೂ ಒಬ್ಬೊಬ್ಬರಾಗಿ ತಮ್ಮ ತಟ್ಟೆ ಎತ್ತಿಕೊಂಡು ಊಟದ ಸಾಲಿನಲ್ಲಿ ಕೂತುಬಿಟ್ಟರು. ಅಂದು ಯಾವ ತಟ್ಟೆಯೂ ಅದಲುಬದಲಾಗಲಿಲ್ಲ.

ಬಾಷಾ ಸಾಬರು ಮಾತ್ರ ಉಪ್ಪುಕಾಗದ ಹಿಡಿದು ಅಲ್ಲೇ ನಿಂತಿದ್ದರು. ಹೆಚ್ಚಿಗೆ ತಂದಿದ್ದ ಇಪ್ಪತ್ತಮೂರನೆಯ ತಟ್ಟೆ ಒಂದಿತ್ತು. ಅದನ್ನು ತೊಳೆದು ಅವರ ಮುಂದಿಟ್ಟು, ನಾನೇ ಮುದ್ದೆ, ಅವರೆಕಾಳಿನ ಸಾರು ಬಡಿಸಿದೆ. ಕ್ಷಮಿಸಿ ಎನ್ನಬೇಕಿತ್ತು. “ಇನ್ನೊಂದು ಸ್ವಲ್ಪ ಸಾರು ಹಾಕಲಾ?” ಎಂದೆ ಅಷ್ಟೆ.

ಅಷ್ಟರಲ್ಲಿ ಯೂನುಸ್ ಫೋನು. “ಹೆಂಗಾಯ್ತು ಮೇಡಂ ಕೆಲ್ಸ? ಹೆಸ್ರು ಗಿಸ್ರು ತಪ್ಪು ಮಾಡಿದಾರಾ?”

ಬಾಷಾ ಸಾಬರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ತಲೆ ಎತ್ತಲಿಲ್ಲ.

ನಾನು ಸಾಲಿನ ಉದ್ದಕ್ಕೂ ನೋಡಿದೆ. ನಂದೀಶ್ವರಯ್ಯನವರು ತಟ್ಟೆಯಲ್ಲಿ ನೀರು ಹಾಕಿ, ಕರಿಬಸಮ್ಮ ಎಂಬ ಅಕ್ಷರದ ಸುತ್ತ ಬೆರಳಾಡಿಸಿ, ಎತ್ತಿ ಕುಡಿಯುತ್ತಿದ್ದರು.

“ಒಂದು ಹೆಸರೂ ತಪ್ಪಿಲ್ಲ ಯೂನುಸ್,” ಎಂದೆ. “ಚಾಚಾನ ಜಾಗ ನಾಳೆಗೆ ಗುಡಿಸಿಡಿ.”

ಅವರು ತುತ್ತು ನುಂಗಿದರು. ಎಡಗೈಯಲ್ಲಿ ಕಣ್ಣೊರೆಸಿಕೊಂಡು, ಸಾರು ಖಾರ ಎಂದರು. ನಮ್ಮಲ್ಲಿ ಸಾರಿಗೆ ಖಾರ ಹಾಕುವುದೇ ಇಲ್ಲ.

ಮೂರೂವರೆ ಬಸ್ಸಿಗೆ ಹೋದರು. ಸಂಜೆ ತಟ್ಟೆ ಜೋಡಿಸುವಾಗ ಅವರು ಉಂಡ ತಟ್ಟೆ ಕೈಗೆ ಸಿಕ್ಕಿತು. ನಾನು ಆಫೀಸಿನಲ್ಲಿದ್ದಾಗ ಯಾವಾಗಲೋ ಹಾಕಿದ್ದಾರೆ, ಅಂಚಿನಲ್ಲಿ ದುಂಡಗೆ, ಚುಕ್ಕಿ ಚುಕ್ಕಿಯಾಗಿ ‘ಲೋಹಿತಾ.’ ನಾನು ಕೊಟ್ಟಿದ್ದು ಒಂದು ಮುದ್ದೆ, ಎರಡು ಸೌಟು ಸಾರು. ಅದಕ್ಕೂ ಮೊದಲು ಬಾಯಿಗೆ ಬಂದಷ್ಟು ಬೈಗುಳ. ಬೈಗುಳವನ್ನು ಅವರು ಬರೆದಿರಲಿಲ್ಲ.