ಹೆಬ್ಬೆರಳಿನಿಂದ ಆರಿಸಿದ ಟೈರು

ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಲು ಹೋಗಿ ಎರಡು ಸಲ ಬೇಲಿಗೆ ನುಗ್ಗಿಸಿದ ಮೇಲೆ ಆ ಆಸೆ ಬಿಟ್ಟೆ. ಆದರೂ ನಮ್ಮ ಮನೆಯ ಕಾರಿಗೆ ನಾಲ್ಕು ಹೊಸ ಟೈರುಗಳನ್ನು ಆರಿಸಿದವನು ನಾನೇ ಎಂದರೆ ನೀವು ನಗಬಾರದು. ನಮ್ಮಲ್ಲಿ ವ್ಯವಸ್ಥೆಯೇ ಹಾಗಿದೆ. ಓಡಿಸುವವಳು ನನ್ನ ಹೆಂಡತಿ ಸರೋಜ, ಆರಿಸುವವನು ನಾನು. ಅವಳು ಚಿಂತಾಮಣಿಯ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನಮ್ಮೂರು ಮೇಲೂರಿನಿಂದ ದಿನವೂ ಕಾರಿನಲ್ಲಿ ಹೋಗಿ ಬರುತ್ತಾಳೆ. ರಜೆಯ ದಿನ ಎಲ್ಲಿಗಾದರೂ ಹೊರಟರೆ ನಾನು ಎಡಗಡೆ ಕೂತು ದಾರಿ ಹೇಳುತ್ತೇನೆ. ದಾರಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಆರಿಸುವ ಅಧಿಕಾರ ನನಗೆ ದಕ್ಕಿದ್ದು ನನ್ನ ಬಲಗೈ ಹೆಬ್ಬೆರಳಿನಿಂದ. ಮೂವತ್ತು ವರ್ಷದಿಂದ ರೇಷ್ಮೆ ಹುಳು ಮೇಯಿಸಿದವನು ನಾನು. ಗೂಡನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಅದರ ಜಾತಕ ಗೊತ್ತಾಗುತ್ತದೆ. ಗಟ್ಟಿಯಾಗಿದ್ದರೆ ನೂಲು ಚೆನ್ನಾಗಿ ಬರುತ್ತದೆ, ಮೆತ್ತಗಿದ್ದರೆ ಬಿಡಿ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಬೇಕು. ಈ ವಿದ್ಯೆ ಒಮ್ಮೆ ಕೈಗೆ ಹತ್ತಿತೆಂದರೆ ಗೂಡಿಗಷ್ಟೇ ನಿಲ್ಲುವುದಿಲ್ಲ. ನಮ್ಮ ಕಡೆ ನಾವು ಹಲಸಿನ ಹಣ್ಣನ್ನು ಒತ್ತುತ್ತೇವೆ, ಹಾಸಿಗೆಯನ್ನು ಒತ್ತುತ್ತೇವೆ, ಹೆಣ್ಣು ನೋಡಲು ಬಂದ ಗಂಡಿನ ಕೈ ಕುಲುಕುವಾಗಲೂ ಸ್ವಲ್ಪ ಒತ್ತಿಯೇ ನೋಡುತ್ತೇವೆ. ನಮ್ಮ ಮಾವನವರು ನನ್ನನ್ನು ಹಾಗೆ ಒತ್ತಿ ನೋಡಿದ್ದು ನನಗಿನ್ನೂ ನೆನಪಿದೆ.

ಇನ್ನು ಟೈರಿನ ವಿಷಯ. ಕಾರು ಕೊಂಡವರು ಮೊದಲು ಮಾಡಿಸುವುದು ಹಿಂದಿನ ಗಾಜಿನ ಮೇಲೆ ಮನೆದೇವರ ಹೆಸರು. ಆಮೇಲೆ ಸೀಟಿಗೆ ಕವರು, ಹಾಡು ಕೇಳಲು ದೊಡ್ಡ ಸ್ಪೀಕರು. ಟೈರಿನ ಸರದಿ ಬರುವುದು ಅದು ಬೋಳುತಲೆಯಂತಾದ ಮೇಲೆಯೇ. ನೆಂಟರು ಬಂದಾಗ ಯಾರೂ ಬಗ್ಗಿ ಟೈರು ನೋಡುವುದಿಲ್ಲವಲ್ಲ! ನಮ್ಮದೂ ಹಾಗೇ ಬೋಳಾಗಿ, ಸರೋಜ ಮೂರು ಸಲ ನೆನಪಿಸಿದ ಮೇಲೆ, ಚಿಕ್ಕಬಳ್ಳಾಪುರದಲ್ಲಿರುವ ಬಾಷಣ್ಣನ ಟೈರು ಅಂಗಡಿಗೆ ಹೋದೆವು.

ಬಾಷಣ್ಣ ಎರಡು ಟೈರುಗಳನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದ. ಒಂದರ ಬೆಲೆ ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು. ನಾನು ಕನ್ನಡಕ ಹಾಕಿಕೊಂಡು ಕೂತು, ಪಕ್ಕದಲ್ಲಿ ಅಚ್ಚೊತ್ತಿದ್ದ ಅಕ್ಷರ, ಅಂಕಿಗಳನ್ನೆಲ್ಲ ಶಾಸನ ಓದುವವನಂತೆ ಓದಿದೆ. ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿಯನ್ನು ಅವನೇ ತೋರಿಸಿಕೊಟ್ಟ. ಎರಡೂ ಹೊಸವೇ. ಮತ್ತೆ ಇಷ್ಟೊಂದು ವ್ಯತ್ಯಾಸ ಯಾಕೆ ಎಂದೆ.

“ದುಬಾರಿದು ರಬ್ಬರು ಮೃದು ಸಾರ್. ಮಳೇಲಿ ರೋಡನ್ನ ಕಚ್ಕೊಳ್ತದೆ. ಅಮ್ಮಾವ್ರು ದಿನಾ ಓಡಾಡ್ತಾರೆ ಅಂತೀರ, ಅದನ್ನೇ ಹಾಕ್ಸ್ಬಿಡಿ,” ಎಂದ.

ಮೃದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಹೆಬ್ಬೆರಳು ತಾನಾಗಿಯೇ ಮುಂದೆ ಹೋಯಿತು. ಒತ್ತಿ ನೋಡಿದೆ. ದುಬಾರಿಯದು ನಿಜಕ್ಕೂ ಕೊಂಚ ಬಗ್ಗಿತು. ಅಗ್ಗದ್ದು ಕಲ್ಲು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಗೂಡು ತಿರಸ್ಕರಿಸುವ ಗತ್ತಿನಲ್ಲಿ ದುಬಾರಿಯದನ್ನು ಪಕ್ಕಕ್ಕೆ ಸರಿಸಿದೆ.

“ಸಾರ್, ಇದು ಗೂಡಲ್ಲ, ಟೈರು,” ಎಂದ ಬಾಷಣ್ಣ.

“ಎಲ್ಲಾ ಒಂದೇ ಕಣಪ್ಪ, ಕೈಗೆ ಗೊತ್ತಾಗತ್ತೆ,” ಎಂದೆ ನಾನು.

ಸರೋಜ ಮೆಲ್ಲಗೆ, “ಅವರೇನೋ ಮಳೆ ಗಿಳೆ ಅಂತಿದ್ರಲ್ಲ ರೀ,” ಎಂದಳು. ವ್ಯಾಪಾರಿಗಳು ಹಾಗೆಲ್ಲ ಹೇಳಿಯೇ ಹೇಳುತ್ತಾರೆ ಎಂದು ಅವಳ ಬಾಯಿ ಮುಚ್ಚಿಸಿ, ಅಗ್ಗದ್ದನ್ನೇ ಹಾಕಿಸಿದೆ.

ಬೇಸಿಗೆಯಲ್ಲಿ ನನ್ನ ಟೈರು ಮುತ್ತಿನಂತೆ ಓಡಿತು. ಅನ್ಯಾಯವಾಗಿ ಹೇಳಬಾರದು, ಒಣ ರಸ್ತೆಯಲ್ಲಿ, ಊರೊಳಗೆ ನಿಧಾನವಾಗಿ ಓಡುವವರಿಗೆ ಅಗ್ಗದ ಟೈರಿನಲ್ಲಿ ದೊಡ್ಡ ದೋಷವೇನೂ ಕಾಣುವುದಿಲ್ಲ. ಗೌರಿಬಿದನೂರಿನಲ್ಲಿದ್ದು, ಪಕ್ಕದ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಊರಿನಿಂದ ಆಚೆಗೆ ಕಾರು ತೆಗೆಯುವುದೇ ಅಪರೂಪ. ಅವನಿಗೆ ಅದೇ ಸಾಕು, ಅವನು ಹಾಕಿಸಿಯೂ ಇದ್ದಾನೆ. ನಾನು ಮಾತ್ರ ಊರಿನ ಟೀ ಅಂಗಡಿಯಿಂದ ಹಿಡಿದು ಮದುವೆ ಮನೆಗಳವರೆಗೆ, ಬೆರಳಿನಲ್ಲೇ ಟೈರು ಆರಿಸಿದ ಕಥೆಯನ್ನು ಹೇಳಿಕೊಂಡು ತಿರುಗಿದೆ. ಮದುವೆ ಮನೆಗಳಲ್ಲಿ ಸರೋಜ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

ಮಳೆ ಶುರುವಾದ ಮೇಲೆ ಒಂದು ವಿಚಿತ್ರ ಗಮನಿಸಿದೆ. ಮೋಡ ಕವಿದ ದಿನ ಸರೋಜ ಕಾರು ತೆಗೆಯುವುದಿಲ್ಲ. ಒಂದು ಗಂಟೆ ಮುಂಚೆ ಎದ್ದು, ಕೊಡೆ ಹಿಡಿದು ಬಸ್ಸಿಗೆ ಓಡುತ್ತಾಳೆ. ಶಿಡ್ಲಘಟ್ಟದಲ್ಲಿ ಇಳಿದು ಇನ್ನೊಂದು ಬಸ್ಸು. ಸಂಜೆ ಸೀರೆಯ ಅಂಚು ಹಿಂಡುತ್ತಾ ಬರುತ್ತಾಳೆ. ಜನ ಮಳೆ ಬಂದರೆ ಕಾರು ತೆಗೆಯುತ್ತಾರೆ, ಇವಳು ಮಳೆ ಬಂದರೆ ಕಾರು ಮುಚ್ಚಿಡುತ್ತಾಳೆ! ಕೇಳಿದರೆ, “ಬಸ್ಸಲ್ಲಾದ್ರೆ ಒಂದು ನಿದ್ದೆ ಆಗತ್ತೆ ರೀ,” ಎನ್ನುತ್ತಿದ್ದಳು. ನಾನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತೇನೋ.

ಹೋದ ತಿಂಗಳು ಗೂಡು ಬಿಡಿಸಿದ ದಿನ ಬೆಳಗ್ಗೆಯಿಂದಲೇ ಜಡಿಮಳೆ. ಗೂಡು ನೆನೆದರೆ ಕೆಟ್ಟಂತೆಯೇ, ಆಟೋದಲ್ಲಿ ಹಾಕಿ ಕಳಿಸುವಂತಿಲ್ಲ. ಸರೋಜಳಿಗೆ ರಜೆ. ಮಾರುಕಟ್ಟೆಗೆ ಕಾರಿನಲ್ಲೇ ಹೋಗೋಣ ಎಂದೆ. ಅವಳು ಒಂದು ಕ್ಷಣ ಮಳೆಯನ್ನು ನೋಡಿ, “ಆಗ್ಲಿ,” ಎಂದಳು. ಹಿಂದಿನ ಸೀಟು ಮಡಚಿ ಗೂಡಿನ ಚೀಲಗಳನ್ನು ತುಂಬಿ ಹೊರಟೆವು. ಅವಳು ಓಡಿಸಿದ ವೇಗ ನೋಡಿ ನನಗೆ ರೇಗಿತು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕುತ್ತಾರೆ ಎಂದು ಚುಚ್ಚಿದೆ. ಅವಳು ಸ್ವಲ್ಪ ವೇಗ ಹೆಚ್ಚಿಸಿದಳು.

ಶಿಡ್ಲಘಟ್ಟಕ್ಕೆ ಇನ್ನೂ ಅರ್ಧ ದಾರಿ ಇರುವಾಗ ಒಂದು ತಿರುವು. ಯಾವುದೋ ಟ್ರಾಕ್ಟರಿನಿಂದ ಉದುರಿದ ಹಿಪ್ಪುನೇರಳೆ ಸೊಪ್ಪು ರಸ್ತೆಯ ಮೇಲೆ ಕೆಸರಿನ ಜೊತೆ ಹರಡಿತ್ತು. ಅದೇ ಹೊತ್ತಿಗೆ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಒಬ್ಬ ಮುದುಕ ತೋಟದಿಂದ ರಸ್ತೆಗೆ ಇಳಿದ. ಸರೋಜ ಬ್ರೇಕು ಒತ್ತಿದಳು. ಕಾರು ನಿಲ್ಲಲಿಲ್ಲ. ಚಕ್ರಗಳ ಕೆಳಗೆ ಗಡಗಡ ಎಂದಿತು, ನಾವು ಜಾರುತ್ತಲೇ ಹೋದೆವು, ಮುದುಕ ಮುಂದಿನ ಗಾಜಿನಲ್ಲಿ ದೊಡ್ಡವನಾಗುತ್ತಾ ಬಂದ. ನಿಂತಾಗ ಬಂಪರಿಗೂ ಅವನ ಮೊಣಕಾಲಿಗೂ ಒಂದು ಗೇಣು ಇತ್ತು.

“ಏನಮ್ಮಾ, ನೋಡ್ಕೊಂಡು ಓಡ್ಸಕ್ಕಾಗಲ್ವಾ?” ಎಂದು ಅವನು ಕೂಗಿದ.

“ತಪ್ಪಾಯ್ತಪ್ಪ,” ಎಂದಳು ಸರೋಜ.

ಅವನು ಗೊಣಗುತ್ತಾ ದಾಟಿ ಹೋದ. ಅವಳು ಸ್ಟೇರಿಂಗ್ ಬಿಡಲಿಲ್ಲ. “ಇದು ಮೂರನೇ ಸಲ ರೀ,” ಎಂದಳು. “ಹುಣಸೇನಹಳ್ಳಿ ಹತ್ರ ಒಂದ್ಸಲ ಸ್ಕೂಲ್ ಮಕ್ಕಳು ಅಡ್ಡ ಬಂದಿದ್ರು.”

“ಯಾಕೆ ಹೇಳ್ಲಿಲ್ಲ?”

“ನೀವು ಊರಿಗೆಲ್ಲಾ ಹೇಳ್ಕೊಂಡು ಬಂದಿದ್ರಲ್ಲ.”

ನನಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು, ಆದರೆ ನಾಚಿಕೆ ಹೆಚ್ಚು. ನನ್ನ ಮಾತಿನ ಮರ್ಯಾದೆ ಉಳಿಸಲು ಇವಳು ಮಳೆಯಲ್ಲಿ ಎರಡೆರಡು ಬಸ್ಸು ಹತ್ತಿ ಇಳಿದಿದ್ದಳು. ಅಕಸ್ಮಾತ್ ಆ ಗೇಣು ಇಲ್ಲದೇ ಹೋಗಿದ್ದರೆ ಪೊಲೀಸರು ಬರೆದುಕೊಳ್ಳುತ್ತಿದ್ದುದು ಅವಳ ಹೆಸರನ್ನೇ.

ಗೂಡು ಮಾರಿ ನಾವು ಮನೆಗೆ ಹೋಗಲಿಲ್ಲ, ನೇರ ಬಾಷಣ್ಣನ ಅಂಗಡಿಗೆ. ನಾನು ಹೊರಗೆ ಹಳೆಯ ಟೈರಿನ ಮೇಲೆ ಕೂತೆ. ಸರೋಜ ಕೇಳಿದ್ದು ಒಂದೇ ಪ್ರಶ್ನೆ: “ಒದ್ದೆ ರೋಡಲ್ಲಿ ಬೇಗ ನಿಲ್ಲೋದು ಯಾವುದು?” ಬಾಷಣ್ಣ ನಾಲ್ಕು ಬಗೆ ತೋರಿಸಿದ. ಅವಳು ತೆಗೆದುಕೊಂಡದ್ದು ಎಲ್ಲಕ್ಕಿಂತ ದುಬಾರಿಯದೂ ಅಲ್ಲ, ಅಗ್ಗದ್ದಂತೂ ಅಲ್ಲವೇ ಅಲ್ಲ. ಬಿಚ್ಚಿದ ಟೈರು ಇನ್ನೂ ಹೊಸದಿದೆ, ಯಾವುದಾದರೂ ಕಾರಿಗೆ ಹಾಕುತ್ತೇನೆ ಎಂದು ಅವನು ಹೇಳಿದಾಗ, “ಕಾರಿಗೆ ಬೇಡ, ಎತ್ತಿನ ಗಾಡಿಗೆ ಹಾಕಿ,” ಎಂದು ಅವನಿಂದ ಮಾತು ತೆಗೆದುಕೊಂಡಳು. ನಾನಾಗಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲ.

ವಾಪಸ್ಸು ಬರುವಾಗಲೂ ಮಳೆ ಬಿಟ್ಟಿರಲಿಲ್ಲ. ಅದೇ ತಿರುವಿನಲ್ಲಿ ಅದೇ ಮುದುಕ, ಸಂಜೆಯ ಸೊಪ್ಪು ಹೊತ್ತು ನಿಂತಿದ್ದ. ಸರೋಜ ಬ್ರೇಕು ಒತ್ತಿದಳು. ಕಾರು ಸುಮಾರು ದೂರದಲ್ಲೇ, ಸದ್ದಿಲ್ಲದೆ ನಿಂತಿತು. ಅವನು ದಾಟುತ್ತಾ ನಮ್ಮನ್ನು ಗುರುತು ಹಿಡಿದು, “ನೋಡಮ್ಮಾ, ಹಿಂಗೆ ಓಡ್ಸ್ಬೇಕು,” ಎಂದ. ಸರೋಜ ತಲೆಯಾಡಿಸಿದಳು.

ನನಗೆ ಸುಮ್ಮನಿರಲು ಆಗಲಿಲ್ಲ. ಗಾಜು ಇಳಿಸಿ, “ಬೆಳಗ್ಗೆದು ತಪ್ಪು ಇವರದಲ್ಲಪ್ಪ, ನಂದು,” ಎಂದೆ.

ಅವನು ಹೊರೆಯ ಕೆಳಗಿನಿಂದ ನನ್ನನ್ನು ಅನುಮಾನದಿಂದ ನೋಡಿದ. “ನೀವು ಪಕ್ಕದಲ್ಲಿ ಸುಮ್ನೆ ಕೂತಿದ್ರಲ್ಲ ಸ್ವಾಮೀ?”

ಪಕ್ಕದಲ್ಲಿ ಸುಮ್ಮನೆ ಕೂತವನು ಎಷ್ಟು ತಪ್ಪು ಮಾಡಬಲ್ಲ ಎಂಬುದನ್ನು ಮಳೆಯಲ್ಲಿ ಹೊರೆ ಹೊತ್ತು ನಿಂತವನಿಗೆ ವಿವರಿಸುವುದು ಹೇಗೆ? ಹೌದು ಎಂದಷ್ಟೇ ಹೇಳಿ ಕೈ ಮುಗಿದೆ.